ನಾಕ್ ಸಾವಿರದ ಮೆಸೇಜ್ ಬಂತು, ಈಗ ಯಾರ ಬಾಗಲಾ ಬಡೀಬೇಕು?

ಬಾಗಲಕೋಟಿ ನವನಗರದಾಗ ನಂದೊಂದು ಸಣ್ಣ ಝೆರಾಕ್ಸ್ ಅಂಗಡಿ ಐತ್ರಿ, ಜೋಡಿಗೆ ಆನ್‌ಲೈನ್ ಅರ್ಜಿ ತುಂಬಿ ಕೊಡ್ತೀನಿ. ಹೋದ ಸೋಮವಾರ ಶಟರ್ ಎತ್ತೂದ್ರಾಗ ಏಳೆಂಟು ಮಂದಿ ಹೆಣ್ಮಕ್ಕಳು ಕಟ್ಟಿ ಮ್ಯಾಲ ಕುಂತಿದ್ರು. ಎಲ್ಲಾರ ಕೈಯಾಗೂ ಒಂದ ಫಾರ್ಮು, ಝೆರಾಕ್ಸ್‌ದ ಝೆರಾಕ್ಸ್ ಆಗಿ ಅಕ್ಷರಾನ ಅಳಿಸಿ ಹೋಗಿದ್ವು. ಕೇಳಿದ್ರ ವಾಟ್ಸಾಪ್ ಮೆಸೇಜ್ ತೋರ್ಸಿದ್ರು, ತಂದಿ ಇಲ್ಲದ ಎಲ್ಲಾ ಮಕ್ಕಳಿಗೂ ತಿಂಗಳಿಗೆ 4,000 ರೂಪಾಯಿ, ಕೊನೇ ದಿನ ಹತ್ರ ಬಂದೈತಿ, ಲಗೂನ ಅರ್ಜಿ ಹಾಕ್ರಿ, ಹತ್ತು ಮಂದಿಗೆ ಕಳಸ್ರಿ ಅಂತ.

ಅವರೊಳಗ ಬೀಳಗಿ ಕಡೆಯಿಂದ ಬಂದ ಒಬ್ಬಾಕಿ ಮುದುಕಿ ಇದ್ಲು. ಅಳಿಯ ತೀರಿಕೊಂಡಾನ, ಮಗಳು ಗೋವಾದಾಗ ಕಟ್ಟಡ ಕೆಲಸಕ್ಕ ಹೋಗ್ಯಾಳ, ಎರಡು ಮೊಮ್ಮಕ್ಕಳು ಈಕಿ ಹತ್ರ. "ತಮ್ಮಾ, ಇದು ಖರೇ ಏನು, ಯಾರ ಕೈಯಾಗ ಕೊಡ್ಬೇಕು?" ಅಂದ್ಲು. ಯಾರ ಕೈಯಾಗ ಕೊಡ್ಬೇಕು ಅನ್ನೋದ ಎಲ್ಲಾದಕ್ಕಿಂತ ದೊಡ್ಡ ಪ್ರಶ್ನೆ ನೋಡ್ರಿ, ನನಗೂ ಪೂರಾ ಗೊತ್ತಿರಲಿಲ್ಲ, ಹಿಂದ ಒಮ್ಮೆ ಒಬ್ಬರನ್ನ ತಪ್ಪ ಆಫೀಸಿಗೆ ಕಳಿಸಿ ಅವರ ಒಂದ್ ದಿನದ ಕೂಲಿ ಕಳದಿದ್ದೆ. ಅದಕ್ಕ ಈ ಸಲ ಎರಡು ದಿನ ಅಲ್ಲಿ ಇಲ್ಲಿ ಕೇಳಿ ತಿಳ್ಕೊಂಡೆ. ಆಕಿಗೆ ಹೇಳಿದ್ದನ್ನ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೀತೀನಿ. ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರೂ ಕಡೆ ವ್ಯವಸ್ಥೆ ಒಂದ ಥರ ಇರ್ತೈತಿ.

ಮೊದಲ ಆ ಮೆಸೇಜ್ ವಿಚಾರ ಮುಗಸೂಣು

ಅರ್ಧ ಖರೇ, ಅರ್ಧ ಸುಳ್ಳು. 4,000 ರೂಪಾಯಿ ಕೊಡೋ ಯೋಜನೆ ಇರೋದು ಹೌದು, ಅದಕ್ಕ ಪ್ರಾಯೋಜಕತ್ವ ಅಂತಾರ, ಆಫೀಸ್ ಮಂದಿ ಬಾಯಾಗ ಸ್ಪಾನ್ಸರ್‌ಶಿಪ್. ಮಿಷನ್ ವಾತ್ಸಲ್ಯ ಅನ್ನೋ ಕಾರ್ಯಕ್ರಮದ ಒಳಗ ಬರ್ತೈತಿ, ರೊಕ್ಕದಾಗ 60 ಪಾಲು ಕೇಂದ್ರದ್ದು 40 ಪಾಲು ರಾಜ್ಯದ್ದು. ಇದರ ಉದ್ದೇಶ ಏನಂದ್ರ, ಬಡತನಕ್ಕ ಅಂಜಿ ಮಗೂನ್ನ ಯಾವುದೋ ಆಶ್ರಮಕ್ಕ ಬಿಡೋ ಪರಿಸ್ಥಿತಿ ಬರಬಾರ್ದು, ತಾಯಿ ಹತ್ರನೋ ಅಜ್ಜಿ ಹತ್ರನೋ ಸ್ವಂತ ಮನ್ಯಾಗ ಬೆಳೀಲಿ ಅಂತ. ತಿಕೋಟಾ ಕಡೆ ದ್ರಾಕ್ಷಿ ಪಡದಾಗ ಬಳ್ಳಿ ಬಾಗಿದ್ರ ಕಿತ್ತು ಬ್ಯಾರೆ ಕಡೆ ಹಚ್ಚೂದಿಲ್ಲ, ಅಲ್ಲೇ ಒಂದು ಆಸರಿ ಕೊಟ್ಟು ಕಟ್ತಾರಲ್ಲ, ಹಂಗ ತಿಳ್ಕೋರಿ.

ಯಾರಿಗೆ ಅಂದ್ರ, ತಂದಿ ತೀರಿಕೊಂಡ ಮಕ್ಕಳು, ಗಂಡ ಬಿಟ್ಟ ಇಲ್ಲಾ ಡೈವೋರ್ಸ್ ಆದ ತಾಯಿ ಮಕ್ಕಳು, ಇಬ್ರೂ ಇಲ್ಲದ ಕಾಕಾ ಮಾವನ ಮನ್ಯಾಗ ಇರೋ ಮಕ್ಕಳು, ತಂದಿ ತಾಯಿಗೆ ಜೀವಕ್ಕ ಕುತ್ತು ತರೋ ರೋಗ ಇದ್ದವರು, ಅಪಘಾತ ಆಗಿ ದುಡಿಯಾಕ ಬರದಂಗ ಆದವರ ಮಕ್ಕಳು. ವಯಸ್ಸು 18ರ ಒಳಗ ಇರಬೇಕು. ಮನಿ ವರ್ಷದ ಆದಾಯ ಹಳ್ಳ್ಯಾಗ 72,000 ರೂಪಾಯಿ, ಪಟ್ಟಣದಾಗ 96,000 ದಾಟಬಾರ್ದು.

ಸುಳ್ಳು ಎಲ್ಲೈತಿ ಅಂದ್ರ "ಎಲ್ಲಾ ಮಕ್ಕಳಿಗೂ" ಅನ್ನೋದ್ರಾಗ. ವಿಧವಾ ಪಿಂಚಣಿ ಥರ ಅರ್ಹತಾ ಇದ್ದವರಿಗೆಲ್ಲಾ ತಾನ ಬರೋದಲ್ಲ ಇದು. ಅರ್ಜಿ ಕೊಟ್ಟ ಮ್ಯಾಲ ಮನೀಗೆ ಬಂದು ನೋಡ್ತಾರ, ಮಗು ಸಾಲಿಗೆ ಹೊಂಟೈತೋ ಇಲ್ಲೋ ಕೇಳ್ತಾರ, ವರದಿ ಬರೀತಾರ, ಆಮ್ಯಾಲ ಜಿಲ್ಲಾದಾಗ ಒಂದು ಸಮಿತಿ ಕುಂತು ಮಂಜೂರು ಮಾಡ್ತೈತಿ. ಮಗು ಸಾಲಿ ಬಿಟ್ರ ಮತ್ತ ಪರಿಶೀಲನಾ ಆಗ್ತೈತಿ, ನಿಲ್ಲಬಹುದು. ಮೆಸೇಜ್‌ನ್ಯಾಗಿನ ಕೊನೇ ದಿನಾಂಕ ಯಾರೋ ಮನಿಯಾಗ ಕುಂತು ಹಾಕಿದ್ದು. ಏಜೆಂಟ್ ಬೇಕಿಲ್ಲ, ಅರ್ಜಿಗೆ ಫೀ ಇಲ್ಲ, ನನ್ನ ಝೆರಾಕ್ಸ್ ರೊಕ್ಕ ಬಿಟ್ರ.

ಕೋವಿಡ್‌ನ್ಯಾಗ ತಂದಿ ತಾಯಿ ಕಳಕೊಂಡ ಮಕ್ಕಳಿಗೆ ರಾಜ್ಯ ಸರಕಾರದ ಬಾಲ ಸೇವಾ ಯೋಜನೆ ಅಂತ ತಿಂಗಳಿಗೆ 3,500 ರೂಪಾಯಿದ್ದು 2021ರಾಗ ಬಂತು, ಅದು ಬ್ಯಾರೆ. ಮಂದಿ ಎರಡೂ ಕೂಡ್ಸಿ ಕಲಸಿ ಬಿಡ್ತಾರ.

ಯಾರ್ಯಾರು ಅದಾರ, ಯಾರ ಕೆಲಸ ಏನು

ನವನಗರಕ್ಕ ಬಂದವರಿಗೆ ಎಲ್ಲಾ ಬಿಲ್ಡಿಂಗ್ ಒಂದ ಥರ ಕಾಣಿಸ್ತಾವು, ಸೆಕ್ಟರ್ ನಂಬರ್ ಒಳಗ ತಿರುಗಿ ತಿರುಗಿ ಸುಸ್ತ ಆಗ್ತೈತಿ. ಅದನ್ನ ಬಸ್ ಸ್ಟ್ಯಾಂಡ್ ಅಂತ ತಿಳ್ಕೋರಿ. ವಿಜಯಪುರ ಬಸ್ಸು ಯಾವ ಕಟ್ಟಿಗೆ ಬರ್ತೈತಿ, ಬೆಳಗಾವಿ ಬಸ್ಸು ಎಲ್ಲಿ ನಿಲ್ತೈತಿ ಅನ್ನೋದು ದಿನಾ ಹೋಗೋರಿಗೆ ಗೊತ್ತು, ಹೊಸಬರು ಏನ್ ಮಾಡ್ತಾರ, ವಿಚಾರಣಾ ಕಿಟಕಿಗೆ ಹೋಗಿ ಕೇಳ್ತಾರ. ಮಕ್ಕಳ ವಿಷಯದಾಗ ಆ ಕಿಟಕಿ ಅಂದ್ರ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಮೂರೂ ಜಿಲ್ಲಾ ಕೇಂದ್ರದಾಗ ಒಂದೊಂದು ಐತಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ಆ 4,000ದ ಅರ್ಜಿ ಮುಟ್ಟಬೇಕಾದ ಜಾಗಾ ಇದ.

ಆದ್ರ ಎಲ್ಲಾರೂ ಜಿಲ್ಲಾ ತನಕ ಬರಬೇಕಂತಿಲ್ಲ. ನಿಮ್ಮ ಓಣ್ಯಾಗಿನ ಅಂಗನವಾಡಿ ಅಕ್ಕೋರ ಮ್ಯಾಲ ಒಬ್ಬರು ಮೇಲ್ವಿಚಾರಕಿ ಇರ್ತಾರ, ಅವರ ಮ್ಯಾಲ ತಾಲೂಕಿನ್ಯಾಗ ಸಿಡಿಪಿಓ, ಅಂದ್ರ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಇದ ಇಲಾಖೆಯವರ ಇವರು, ಅದಕ್ಕ ಅಕ್ಕೋರ ಕೈಯಾಗ ಕೊಟ್ಟ ಸುದ್ದಿ ಜಿಲ್ಲಾ ತನಕ ಹೋಗಾಕ ದಾರಿ ಐತಿ. ಅಕ್ಕೋರಿಗೆ ಎಲ್ಲಾ ಯೋಜನೆ ಗೊತ್ತಿರ್ತಾವಂತಲ್ಲ, ಆದ್ರ ಮುಂದಿನವರ ಫೋನ್ ನಂಬರ್ ಅವರ ಹತ್ರ ಇದ್ದ ಇರ್ತೈತಿ, ನಮಗ ಅಷ್ಟ ಸಾಕು.

ಇನ್ನ ಎರಡು ಹೆಸರು ಕೇಳಿದ್ರ ಮಂದಿ ಅಂಜ್ತಾರ. ಒಂದು ಮಕ್ಕಳ ಕಲ್ಯಾಣ ಸಮಿತಿ, ಇನ್ನೊಂದು ಬಾಲ ನ್ಯಾಯ ಮಂಡಳಿ. ಎರಡೂ 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ನಡೆಯೋವು. ಕಲ್ಯಾಣ ಸಮಿತಿ ಆಸರಿ ಬೇಕಾದ ಮಕ್ಕಳದ್ದು, ಮನಿ ಬಿಟ್ಟು ಬಂದವರು, ಹೊಡತ ತಿಂದವರು, ದುಡಿಮಿಗೆ ಹಚ್ಚಿದವರು, ನೋಡವರು ಯಾರೂ ಇಲ್ಲದವರು. ಅದರಾಗ ಒಬ್ಬ ಅಧ್ಯಕ್ಷರು, ನಾಕು ಸದಸ್ಯರು, ಒಬ್ಬರರ ಹೆಣ್ಮಕ್ಕಳು ಇರಬೇಕು, ಮ್ಯಾಜಿಸ್ಟ್ರೇಟ್‌ಗೆ ಇರೋ ಅಧಿಕಾರ ಅವರಿಗೂ ಐತಿ. ಊರ ಕಟ್ಟಿ ಮ್ಯಾಲ ಹಿರ್ಯಾರು ಕುಂತಂಗ ಕಾಣಿಸ್ತೈತಿ, ಆದ್ರ ಅವರ ಮಾತು ಕಾನೂನಿನ ಆದೇಶ. ಬಾಲ ನ್ಯಾಯ ಮಂಡಳಿ ಅಂದ್ರ 18ರೊಳಗಿನ ಹುಡುಗ ಏನರ ಗುನ್ಹೆ ಮಾಡ್ಯಾನ ಅಂತ ಕೇಸ್ ಆದಾಗ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು ಇರ್ತಾರ, ಹುಡುಗನ್ನ ಲಾಕಪ್‌ನ್ಯಾಗ ಹಾಕೂಹಂಗಿಲ್ಲ, ಜೈಲಿಗೂ ಕಳಸೂಹಂಗಿಲ್ಲ.

1098ಕ್ಕ ಫೋನ್ ಹಚ್ಚಿದ್ರ ಏನಾಗ್ತೈತಿ

ಆಫೀಸ್ ಮುಚ್ಚಿದಾಗ, ರಾತ್ರಿ, ರವಿವಾರ, ಇಲ್ಲಾ ಯಾರಿಗೂ ಹೇಳಾಕ ಬರದಂಥಾ ವಿಷಯ ಇದ್ದಾಗ ಈ ನಾಕು ಅಂಕಿ ನೆನಪಿಟ್ಕೋರಿ, ಹತ್ತು ಒಂಬತ್ತು ಎಂಟು. 24 ತಾಸು ಇರ್ತೈತಿ, ರೊಕ್ಕ ಹತ್ತಂಗಿಲ್ಲ. ಮಕ್ಕಳ ಸಹಾಯವಾಣಿ 1996ರಾಗ ಮುಂಬೈದಾಗ ಶುರು ಆಗಿದ್ದು, ಭಾಳ ವರ್ಷ ಸಂಘ ಸಂಸ್ಥೆಗಳು ನಡಸಿದ್ವು, 2023ರಿಂದ ಸರಕಾರಾನ ಕೈಗೆ ತಗೊಂಡು ತುರ್ತು ನಂಬರ್ 112ರ ಜೋಡಿ ಕೂಡ್ಸೈತಿ. ಹಿಂಗಾಗಿ ಈಗ 1098ಕ್ಕ ಬಂದ ಕರೆ ಮ್ಯಾಲಿನ ಕೆಲಸ ನಿಮ್ಮ ಜಿಲ್ಲಾದ ಮಕ್ಕಳ ರಕ್ಷಣಾ ಘಟಕದವರಿಗೇ ಬರ್ತೈತಿ.

ಫೋನ್ ಮಗೂನ ಮಾಡಬಹುದು, ಬಾಜೂ ಮನಿಯವರು ಮಾಡಬಹುದು, ಮಾಸ್ತರು ಮಾಡಬಹುದು. ಮಗು ಎಲ್ಲೈತಿ, ವಯಸ್ಸು ಅಂದಾಜು ಎಷ್ಟು, ಏನಾಗೈತಿ, ಈಗ ಜೀವಕ್ಕ ಅಪಾಯ ಐತೋ ಇಲ್ಲೋ, ಇಷ್ಟ ಹೇಳಿದ್ರ ಶುರು ಆಗ್ತೈತಿ. ಅಥಣಿ, ಚಿಕ್ಕೋಡಿ ಕಡೆಯವರು ಸಾಂಗ್ಲಿ ಮಿರಜಕ್ಕ ಹೋದಾಗ ಏನರ ಆತು ಅಂದ್ರೂ ಇದ ನಂಬರು ನಡೀತೈತಿ, ಯಾಕಂದ್ರ ದೇಶಕ್ಕೆಲ್ಲಾ ಒಂದ.

ಮಂದಿ ನನ್ನ ಹತ್ರ ಪದೇ ಪದೇ ಕೇಳೋ ಪ್ರಶ್ನೆ ಅಂದ್ರ, "ಫೋನ್ ಹಚ್ಚಿದ್ರ ಹುಡುಗನ್ನ ಒಯ್ದು ಹಾಸ್ಟೆಲ್‌ನ್ಯಾಗ ಹಾಕಿ ಬಿಡ್ತಾರಂತ?" ಈ ಅಂಜಿಕಿಂದ ಎಷ್ಟೋ ಮಂದಿ ಬಾಯಿ ಬಿಡೂದಿಲ್ಲ. ಕಾಯ್ದೆ ಹೇಳೋದ ಉಲ್ಟಾ, ಸಂಸ್ಥೆಯಾಗ ಇಡೋದು ಕಟ್ಟಕಡೇ ದಾರಿ, ಮೊದಲ ಮನಿ, ಆಮ್ಯಾಲ ಸಂಬಂಧಿಕರು. ಮಗೂನ್ನ ಕರಕೊಂಡು ಬಂದ್ರ ದಾರಿ ಹೊತ್ತು ಬಿಟ್ಟು 24 ತಾಸಿನೊಳಗ ಕಲ್ಯಾಣ ಸಮಿತಿ ಮುಂದ ನಿಲ್ಲಸಬೇಕು, ಮನ್ಯಾಗ ಅಪಾಯ ಇದ್ರ ಮಾತ್ರ ಹೊರಗ ಇಡ್ತಾರ. ಮಗೂನ ಹೆಸರು ಫೋಟೋ ಪೇಪರ್‌ದಾಗ ಟೀವಿದಾಗ ಹಾಕೂಹಂಗೂ ಇಲ್ಲ, ಗುನ್ಹೆ ಅದು.

ಅದರಂಗ ಇನ್ನೊಂದು, ಮದುವಿ ಆಗದ ಹುಡುಗಿ ಹಡದ್ರ ಕೂಸನ್ನ ಕಾಲುವಿ ದಂಡಿಗೆ ಬಿಟ್ಟು ಹೋಗೋ ಸುದ್ದಿ ಆಗೀಗ ಓದ್ತೀವಿ. ಹಂಗ ಮಾಡೋ ಅವಶ್ಯಕತಾನ ಇಲ್ಲ, ಕಲ್ಯಾಣ ಸಮಿತಿ ಮುಂದ ಕೂಸನ್ನ ಒಪ್ಪಿಸಬಹುದು, ಮನಸ ಬದಲ್ಸಾಕ 2 ತಿಂಗಳು ವ್ಯಾಳ್ಯಾ ಇರ್ತೈತಿ, ಅದಾದ ಮ್ಯಾಲ ಕೂಸು ಕಾನೂನು ಪ್ರಕಾರ ದತ್ತಕಕ್ಕ ಹೋಗ್ತೈತಿ. ದವಾಖಾನ್ಯಾಗ ನರ್ಸ್ ಮುಖಾಂತರ ಕೂಸು ಕೊಡೋದು, ಬಾಂಡ್ ಪೇಪರ್ ಮ್ಯಾಲ ಬರಸ್ಕೊಂಡು ತಗೊಳ್ಳೋದು, ಅದು ದತ್ತಕ ಅಲ್ಲ, ಕೇಸ್ ಆಗೋ ಕೆಲಸ. ಇಂಥಾ ಬಾಂಡ್ ಟೈಪ್ ಮಾಡಿ ಕೊಡು ಅಂತ ನನ್ನ ಅಂಗಡಿಗೇ ಬಂದಿದ್ರು ಒಮ್ಮೆ, ವಾಪಸ್ ಕಳಿಸಿದೆ.

ಸಣ್ಣ ಮಕ್ಕಳು: ಅಂಗನವಾಡಿ ಅಂದ್ರ ಬರೇ ಉಪ್ಪಿಟ್ಟಲ್ಲ

ಅಂಗನವಾಡಿ ನಡಸೋ ಯೋಜನೆ 1975ರ ಅಕ್ಟೋಬರ್ 2ಕ್ಕ ಶುರು ಆಗಿದ್ದು, ನಮ್ಮ ರಾಜ್ಯದಾಗ ಮೊದಲ ಮೈಸೂರು ಕಡೆ ಟಿ. ನರಸೀಪುರದಾಗ. 6 ತಿಂಗಳಿಂದ 6 ವರ್ಷದ ಮಕ್ಕಳು, ಬಸರಿ, ಬಾಣಂತಿ, ಇವರೆಲ್ಲಾ ಅದರ ಲೆಕ್ಕಕ್ಕ ಬರ್ತಾರ. ಅಲ್ಲಿ ತೂಕ ಮಾಡ್ತಾರಲ್ಲ, ಅದನ್ನ ನಾವು ಸುಮ್ನ ರಿಜಿಸ್ಟರ್ ತುಂಬೋ ಕೆಲಸ ಅನ್ಕೋತೀವಿ. ಆದ್ರ ಆ ತೂಕದಿಂದಾನ ಗೊತ್ತಾಗೋದು ಕೂಸು ಸೊರಗಾಕತ್ತೈತಿ ಅಂತ. ರಟ್ಟಿಗೆ ಸುತ್ತೋ ಒಂದು ಬಣ್ಣದ ಪಟ್ಟಿ ಐತಿ, 6 ತಿಂಗಳಿಂದ 5 ವರ್ಷದ ಕೂಸಿನ ರಟ್ಟಿ ಸುತ್ತಳತಿ 11.5 ಸೆಂಟಿಮೀಟರ್‌ಗಿಂತ ಕಡಿಮಿ ಬಂದ್ರ ಕೆಂಪು, ಅಂದ್ರ ತೀವ್ರ ಅಪೌಷ್ಟಿಕತಾ. ಅಂಥಾ ಕೂಸಿಗೆ ಜಿಲ್ಲಾ ಆಸ್ಪತ್ರ್ಯಾಗ ಪೌಷ್ಟಿಕ ಪುನರ್ವಸತಿ ಕೇಂದ್ರ ಅಂತ ಐತಿ, ಸಾಮಾನ್ಯಕ್ಕ 14 ದಿನ ತಾಯಿ ಕೂಸು ಇಬ್ಬರನ್ನೂ ಇಟ್ಕೊಂಡು ಊಟ ಔಷಧ ಕೊಡ್ತಾರ, ತಾಯಿಯ ಕೂಲಿ ತಪ್ಪಿದ್ದಕ್ಕ ಸ್ವಲ್ಪ ರೊಕ್ಕಾನೂ ಕೊಡ್ತಾರ. ಇದು ಗೊತ್ತಿಲ್ಲದ "ಕೂಲಿ ಬಿಟ್ಟು ಹೆಂಗ ಹೋಗ್ಲಿ" ಅಂತ ಹೋಗದವರು ಭಾಳ ಮಂದಿ ಅದಾರ.

ಇನ್ನ ಮಾತು ಲೇಟ್ ಬರೋದು, ನಡಿಗಿ ಲೇಟ್ ಆಗೋದು, ಹೆಸರು ಕರದ್ರ ಹೊಳ್ಳಿ ನೋಡದ ಇರೋದು. ನಮ್ಮ ಕಡೆ ಏನಂತಾರ, "ಅವರಪ್ಪಗೂ ನಾಕು ವರ್ಷಕ್ಕ ಮಾತು ಬಂತು, ಬಿಡು." ಬಿಡಬಾರ್ದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಐತಿ, ಡಾಕ್ಟರ ತಂಡ ಗಾಡಿ ತಗೊಂಡು ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಸರಕಾರಿ ಸಾಲಿಗೆ ಒಂದು ಸಲ ಬರ್ತೈತಿ. ಹುಟ್ಟಿದ ಕೂಸಿಂದ 18 ವರ್ಷದ ತನಕ, ಸೀಳ್ತುಟಿ, ಹೃದಯದಾಗ ತೂತು, ಕಿವಿ ಕೇಳದ್ದು, ಬೆಳವಣಿಗಿ ಹಿಂದ ಬಿದ್ದದ್ದು ಎಲ್ಲಾ ನೋಡ್ತಾರ, ಆಪರೇಶನ್ ಬೇಕಾದ್ರ ಅದಕ್ಕೂ ದಾರಿ ಮಾಡಿ ಕೊಡ್ತಾರ. ಅವರು ಬಂದ ದಿನ ಮಗು ಗೈರುಹಾಜರ್ ಇತ್ತು ಅಂದ್ರ ಸುಮ್ನ ಕೂಡಬ್ಯಾಡ್ರಿ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಆ ತಂಡ ಮತ್ತ ಯಾವಾಗ ಬರ್ತೈತಿ ಅಂತ ಕೇಳ್ರಿ.

ಅಂಗವಿಕಲತಾ ಇದ್ರ ಯುಡಿಐಡಿ ಕಾರ್ಡು ಮಾಡಸ್ಬೇಕು, ಅದು ಇಡೀ ದೇಶಕ್ಕ ಒಂದ ನಡಿಯೋ ಗುರುತಿನ ಚೀಟಿ. 2016ರ ಕಾಯ್ದೆ ಪ್ರಕಾರ 21 ಥರದ ಅಂಗವಿಕಲತಾ ಲೆಕ್ಕಕ್ಕ ಬರ್ತಾವು, ಆಟಿಸಂ, ಕಲಿಕಾ ತೊಂದ್ರಿ, ಸಿಕಲ್ ಸೆಲ್ ಸೈತ. ಭಾಳಷ್ಟು ಸೌಲಭ್ಯಕ್ಕ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂತ ಡಾಕ್ಟರ ಸರ್ಟಿಫಿಕೇಟ್ ಬೇಕು. ಇದಕ್ಕ ಓಡಾಡಾಕ ನಿಮ್ಮ ಗ್ರಾಮ ಪಂಚಾಯ್ತ್ಯಾಗ ವಿಆರ್‌ಡಬ್ಲ್ಯೂ, ಅಂದ್ರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರ, ಅವರೂ ಹೆಚ್ಚಾಗಿ ಅಂಗವಿಕಲರ. ತಾಲೂಕಿಗೆ ಎಂಆರ್‌ಡಬ್ಲ್ಯೂ, ಅಂದ್ರ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ನನ್ನ ಅಂಗಡ್ಯಾಗ ಈ ಕಾರ್ಡಿನ ಅರ್ಜಿ ತುಂಬಾಕ ಬಂದವರಿಗೆ ನಾನು ಮೊದಲ ಅವರನ್ನ ಕೇಳ್ರಿ ಅಂತೀನಿ, ಯಾವ ವಾರ ಯಾವ ಡಾಕ್ಟರ್ ಕುಂತಿರ್ತಾರ ಅನ್ನೋದು ಅವರಿಗೇ ಗೊತ್ತು.

ಹರೇದ ಹುಡುಗೂರು, ಹುಡುಗ್ಯಾರು

ಈ ವಯಸ್ಸಿನವರದ್ದ ಎಲ್ಲಾದಕ್ಕಿಂತ ಕಠಿಣ, ಯಾಕಂದ್ರ ಅವರು ಅಂಗನವಾಡಿ ವಯಸ್ಸು ದಾಟಿರ್ತಾರ, ದೊಡ್ಡವರ ದವಾಖಾನಿಗೆ ಹೋಗಾಕ ನಾಚ್ತಾರ, ಮನ್ಯಾಗ ಹೇಳೂದಿಲ್ಲ.

10ರಿಂದ 19 ವರ್ಷದವರಿಗೆ ಅಂತ ಸರಕಾರಿ ಆಸ್ಪತ್ರಿಯಾಗ ಸ್ನೇಹ ಕ್ಲಿನಿಕ್ ಅನ್ನೋದು ಐತಿ. ಮುಟ್ಟಿನ ತ್ರಾಸು, ರಕ್ತ ಕಡಿಮಿ, ಮೈಯಾಗಿನ ಬದಲಾವಣಿ, ಗುಟ್ಕಾ ಚಟ, ಮನಸಿನ ಬ್ಯಾಸರಕಿ ಎಲ್ಲಾ ಮಾತಾಡಬಹುದು, ಆಪ್ತ ಸಮಾಲೋಚಕರು ಇರ್ತಾರ. ಬೋರ್ಡ್ ಸಣ್ಣದು ಇರ್ತೈತಿ, ಕೇಳಿ ಹೋಗ್ಬೇಕು.

ಮನಸಿನ ವಿಷಯಕ್ಕ 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ಕ್ಕ ಶುರು ಆಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗೈತಿ. ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ, ರಾತ್ರಿ ಎರಡಕ್ಕೂ ಎತ್ತತಾರ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಹುಡುಗೂರು ರೂಮಿನ ಬಾಗಲಾ ಹಾಕ್ಕೊಂಡು ಕುಂತಾಗ ತಂದಿ ತಾಯಿನೂ ಫೋನ್ ಹಚ್ಚಿ "ನಾನು ಹೆಂಗ ಮಾತಾಡ್ಸಲಿ" ಅಂತ ಕೇಳಬಹುದು, ಅದು ಭಾಳ ಮಂದಿಗೆ ಗೊತ್ತಿಲ್ಲ. ಮುಖಾಮುಖಿ ಡಾಕ್ಟರಿಗೆ ತೋರಸ್ಬೇಕಂದ್ರ ಮನೋಚೈತನ್ಯ ಅಂತ ತಾಲೂಕು ಆಸ್ಪತ್ರಿಯಾಗ ಮಂಗಳವಾರ ಮಾನಸಿಕ ವೈದ್ಯರು ಬರೋ ವ್ಯವಸ್ಥೆ ಐತಿ, ಜಿಲ್ಲಾ ಆಸ್ಪತ್ರಿಯಾಗಂತೂ ವಿಭಾಗಾನ ಐತಿ. ಇನ್ನೂ ದೊಡ್ಡದು ಬೇಕಂದ್ರ ಧಾರವಾಡದ ಡಿಮ್ಹಾನ್ಸ್. ಮೊದಲ ದೇವರ ಕೇಳಿಕಿಗೆ ಹೋಗಿ ಆಮ್ಯಾಲ ಬರ್ತೀವಿ ಅನ್ನವರು ಇರ್ತಾರ, ನಾನು ಬ್ಯಾಡ ಅನ್ನೂದಿಲ್ಲ, ಎರಡೂ ಕೂಡೇ ಮಾಡ್ರಿ ಅಂತೀನಿ.

ಬಾಲ್ಯ ವಿವಾಹದ ಮಾತಿಗೆ ಬರೂಣು. ಹುಡುಗಿಗೆ 18, ಹುಡುಗಗ 21 ಆಗಿರಬೇಕು ಅನ್ನೋದು ಎಲ್ಲಾರಿಗೂ ಗೊತ್ತು. ಭಾಳ ಮಂದಿಗೆ ಗೊತ್ತಿಲ್ಲದ್ದು ಏನಂದ್ರ, 2006ರ ಕಾಯ್ದೆಗೆ ಕರ್ನಾಟಕ ತನ್ನದೊಂದು ತಿದ್ದುಪಡಿ ಮಾಡಿ, ಇಂಥಾ ಮದುವಿ ಮೊದಲಿಂದನ ಅಸಿಂಧು ಅಂದೈತಿ. ಅಂದ್ರ ತಾಳಿ ಕಟ್ಟಿದ್ರೂ, ಸಾಮೂಹಿಕ ಮದುವ್ಯಾಗ ಸ್ವಾಮ್ಯಾರ ಮುಂದ ಅಕ್ಕಿಕಾಳು ಬಿದ್ರೂ, ಕಾನೂನಿನ ಕಣ್ಣಾಗ ಅದು ಮದುವೀನ ಅಲ್ಲ. ತಂದಿ ತಾಯಿ ಅಷ್ಟ ಅಲ್ಲ, ಮಾಡಿಸಿದವರು, ಒಪ್ಪಿ ನಿಂತವರು, ಎಲ್ಲಾರ ಮ್ಯಾಲೂ ಕೇಸ್ ಆಗಬಹುದು. ತಡಿಯೋ ಅಧಿಕಾರ ಇದ್ದವರು ದೂರ ಇಲ್ಲ, ನಿಮ್ಮ ಪಿಡಿಓ, ಸಿಡಿಪಿಓ, ತಹಶೀಲ್ದಾರ್ ಇವರೆಲ್ಲಾ ಬಾಲ್ಯ ವಿವಾಹ ನಿಷೇಧಾಧಿಕಾರಿಗಳ. ಮದುವಿ ಮುಂಚೆನ ಹೇಳಿದ್ರ ಕೋರ್ಟಿನಿಂದ ತಡೆ ತರಾಕ ಬರ್ತೈತಿ, ಪೆಂಡಾಲ್ ಹಾಕಿದ ಮ್ಯಾಲ ಹೇಳಿದ್ರ ಜಗಳ ಜಾಸ್ತಿ. ಹುಡುಗಿ ತಾನ 1098ಕ್ಕ ಹಚ್ಚಬಹುದು, ಗೆಳತ್ಯಾರೂ ಹಚ್ಚಬಹುದು. ನಿಲ್ಲಿಸಿದ ಮ್ಯಾಲ ಆಕಿ ಏನ್ ಮಾಡ್ಬೇಕು ಅನ್ನೋದು ಇನ್ನೊಂದು ಪ್ರಶ್ನೆ, ಮನ್ಯಾಗ ಹೊಡತ ಬೀಳಬಹುದು. ಅದಕ್ಕ ಕಲ್ಯಾಣ ಸಮಿತಿ ತಂದಿ ತಾಯಿ ಕಡೆಯಿಂದ ಬರಸ್ಕೋತೈತಿ, ಬೇಕಾದ್ರ ಕಸ್ತೂರಬಾ ಬಾಲಿಕಾ ವಿದ್ಯಾಲಯ ಇಲ್ಲಾ ಹಾಸ್ಟೆಲ್‌ಗೆ ಹಚ್ಚಿ ಸಾಲಿ ಮುಂದುವರಸ್ತೈತಿ.

ಮತ್ತ ಪೋಕ್ಸೋ. 2012ರ ಕಾಯ್ದೆ, 18ರೊಳಗಿನ ಮಕ್ಕಳ ಮ್ಯಾಲ ಲೈಂಗಿಕ ದೌರ್ಜನ್ಯ ಆದ್ರ. ಗಂಡು ಮಗು ಹೆಣ್ಣು ಮಗು ಇಬ್ಬರಿಗೂ ಒಂದ. ವಿಷಯ ಗೊತ್ತಿದ್ದವರು ಪೊಲೀಸರಿಗೆ ಹೇಳಬೇಕು ಅನ್ನೋದು ಕಡ್ಡಾಯ, ಮುಚ್ಚಿಟ್ರ ಅದೂ ಗುನ್ಹೆ, ಸಾಲಿ ಹೆಡ್ ಮಾಸ್ತರಿಗೂ ಇದು ಹತ್ತತೈತಿ. ಆದ್ರ ಮಗು ಸ್ಟೇಶನ್ನಿಗೆ ಹೋಗಿ ನಿಲ್ಲಬೇಕಂತಿಲ್ಲ. ಪೊಲೀಸರು ಮನೀಗೆ ಇಲ್ಲಾ ಮಗು ಹೇಳಿದ ಜಾಗಾಕ್ಕ ಬಂದು ಬರಕೋಬೇಕು, ಆದಷ್ಟು ಮಟ್ಟಿಗೆ ಮಹಿಳಾ ಪಿಎಸ್ಐ, ಅದೂ ಡ್ರೆಸ್ ಇಲ್ಲದ. ರಾತ್ರಿ ಮಗೂನ್ನ ಸ್ಟೇಶನ್‌ನ್ಯಾಗ ಇಟ್ಕೊಳ್ಳೂಹಂಗಿಲ್ಲ.

ಕಬ್ಬು ಕಡಿಯಾಕ ಹೋದವರ ಮಕ್ಕಳು

ದೀಪಾವಳಿ ಸುತ್ತ ಮುತ್ತ ಫ್ಯಾಕ್ಟರಿ ಚಾಲೂ ಆದ್ವು ಅಂದ್ರ ಗ್ಯಾಂಗ್‌ಗಳು ಬರ್ತಾವು, ಹೋಗ್ತಾವು. ವಿಜಯಪುರ ಕಡೆ ತಾಂಡಾದಿಂದ ಮಹಾರಾಷ್ಟ್ರಕ್ಕ ಗೋವಾಕ್ಕ ಹೋಗವರು, ನಮ್ಮ ಮುಧೋಳ, ಜಮಖಂಡಿ, ಅಥಣಿ ಕಡೆ ಬರವರು. ಗ್ಯಾಂಗ್ ನಡಸೋ ಮುಕಾದಮನ ಹತ್ರ ಮುಂಗಡ ಇಸ್ಕೊಂಡ ಮ್ಯಾಲ ಮಕ್ಕಳನ್ನೂ ಟ್ರ್ಯಾಕ್ಟರ್ ಹತ್ತಸ್ತಾರ. ಸಾಲಿ ಅಲ್ಲಿಗೆ ಕಟ್.

ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಾಗಿದ್ದು, ಇಂಥವರಿಗೆ ಭಾಳ ಉಪಯೋಗದ್ದು. 6ರಿಂದ 14 ವರ್ಷದ ಮಗೂನ್ನ ಟಿಸಿ ಇಲ್ಲ ಅಂತ, ಜನನ ಪ್ರಮಾಣಪತ್ರ ಇಲ್ಲ ಅಂತ, ವರ್ಷದ ನಡುವ ಬಂದಿ ಅಂತ ಸರಕಾರಿ ಸಾಲ್ಯಾಗ ವಾಪಸ್ ಕಳಸೂಹಂಗಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿನ್ಯಾಗ ಕೂಡಸ್ಬೇಕು. ಮಾಸ್ತರು ಇಲ್ಲ ಅಂದ್ರ ಬಿಇಓ ಆಫೀಸಿಗೆ ಹೋಗ್ರಿ. ಮಕ್ಕಳನ್ನ ಊರಾಗ ಬಿಟ್ಟು ಹೋಗವರು ಋತುಮಾನ ಹಾಸ್ಟೆಲ್ ನಮ್ಮ ಕಡೆ ಈ ವರ್ಷ ಐತಿ ಏನು ಅಂತ ಅದ ಆಫೀಸಿನ್ಯಾಗ ಹೋಗೂ ಮುಂಚೆನ ಕೇಳಬೇಕು.

ಅಂಗನವಾಡಿ ಊಟಕ್ಕೂ ಇದ ಮಾತು, ಹೋದ ಊರಾಗ ಹೆಸರು ಹಚ್ಚಬಹುದು. ಊರಾಗ ಇದ್ದು ಉದ್ಯೋಗ ಖಾತ್ರಿಗೆ ಹೋಗೋ ತಾಯಂದಿರಿಗೆ ಕೆಲವು ಪಂಚಾಯ್ತ್ಯಾಗ ಕೂಸಿನ ಮನೆ ಅಂತ ಶುರು ಆಗೈತಿ, 3 ವರ್ಷದ ಒಳಗಿನ ಕೂಸನ್ನ ಬಿಟ್ಟು ಕೆಲಸಕ್ಕ ಹೋಗಾಕ ಅನುಕೂಲ. 14ರೊಳಗಿನ ಹುಡುಗನ್ನ ಕೆಲಸಕ್ಕ ಇಟ್ಕೊಂಡ್ರ ಮಾಲಕನ ಮ್ಯಾಲ ಕೇಸ್, 14ರಿಂದ 18ರವರನ್ನ ಅಪಾಯದ ಕೆಲಸಕ್ಕ ಹಚ್ಚೂಹಂಗಿಲ್ಲ.

ಮನ್ಯಾಗಿನ ಜಗಳ

ಗಂಡ ಕುಡದು ಹೊಡಿಯೋದನ್ನ ಮಂದಿ ಮಕ್ಕಳ ವಿಷಯ ಅಂತ ತಿಳಿಯೂದಿಲ್ಲ, ಆದ್ರ ಸಾಲಿ ಬಿಟ್ಟ ಎಷ್ಟೋ ಹುಡುಗೂರ ಮನಿಗೆ ಹೋದ್ರ ಅಲ್ಲಿ ಇದ ಇರ್ತೈತಿ. ಹೆಣ್ಮಕ್ಕಳಿಗೆ 181 ಸಹಾಯವಾಣಿ. ಜಿಲ್ಲಾದಾಗ ಸಖಿ ಕೇಂದ್ರ, ಅಲ್ಲಿ ಡಾಕ್ಟರ್, ಪೊಲೀಸ್, ವಕೀಲರು, ಸಮಾಲೋಚಕರು ನಾಕೂ ಸಹಾಯ ಒಂದ ಜಾಗಾದಾಗ, ಕೆಲವು ದಿನ ಇರಾಕ ಜಾಗಾನೂ ಇರ್ತೈತಿ, ಜೋಡಿ ಮಕ್ಕಳನ್ನ ಕರಕೊಂಡು ಹೋಗಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ ನಮ್ಮ ರಾಜ್ಯದಾಗ ಸಿಡಿಪಿಓನ ಸಂರಕ್ಷಣಾಧಿಕಾರಿ, ಅಂದ್ರ ಮತ್ತ ಅದ ಅಂಗನವಾಡಿ ಆಫೀಸು. ಚಟ ಬಿಡ್ಸಾಕ 14446.

ವಕೀಲರ ಫೀಗೆ ರೊಕ್ಕ ಇಲ್ಲ ಅಂತ ಸುಮ್ನ ಕೂಡಬ್ಯಾಡ್ರಿ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗೆ, ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಾದ್ರೂ ಇರಲಿ ವಕೀಲರು ಫುಕಟ್. ಜಿಲ್ಲಾ ಕೋರ್ಟ್ ಆವರಣದಾಗ ಕಾನೂನು ಸೇವಾ ಪ್ರಾಧಿಕಾರ, ತಾಲೂಕು ಕೋರ್ಟಿನ್ಯಾಗ ಸಮಿತಿ, ಫೋನ್ 15100. ಮಾಜಿ ದೇವದಾಸಿ ತಾಯಂದಿರಿಗೆ, ಅವರ ಮಕ್ಕಳಿಗೆ ಮಹಿಳಾ ಅಭಿವೃದ್ಧಿ ನಿಗಮದ ದೇವದಾಸಿ ಪುನರ್ವಸತಿ ಯೋಜನಾಧಿಕಾರಿ ಬ್ಯಾರೆ ಅದಾರ. ಆ ಪದ್ಧತಿ 1982ರ ಕಾಯ್ದೆಯಿಂದನ ನಿಷೇಧ.

ಹೋಗೂ ಮುಂದ ಕೈಯಾಗ ಏನಿರಬೇಕು

4,000ದ ಅರ್ಜಿಗೆ ಸಾಮಾನ್ಯಕ್ಕ ಕೇಳೋದು ಮಗೂನ ಆಧಾರ್, ಪಾಲಕರ ಆಧಾರ್, ರೇಶನ್ ಕಾರ್ಡ್, ಮರಣ ಪ್ರಮಾಣಪತ್ರ, ಸಾಲಿಯಿಂದ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಮರಣ ಪ್ರಮಾಣಪತ್ರದಾಗ ಒಂದು ಹೆಸರು, ಆಧಾರ್‌ದಾಗ ಇನ್ನೊಂದು ಹೆಸರು, ಸಾಲ್ಯಾಗ ಮೂರನೇದು, ಇದ ನಮ್ಮ ಕಡೆ ದೊಡ್ಡ ರೋಗ, ಅದನ್ನ ಮೊದಲ ಸರಿ ಮಾಡಸ್ರಿ. ಆದ್ರ ಮಗು ಅಪಾಯದಾಗ ಐತಿ ಅಂದಾಗ ಯಾವ ಕಾಗದಾನೂ ಬೇಕಿಲ್ಲ, ಬರೇ ಫೋನ್ ಸಾಕು, ಕಾಗದ ಆಮ್ಯಾಲ.

ಅರ್ಜಿ ಎರಡು ಪ್ರತಿ ಮಾಡ್ರಿ, ಒಂದರ ಮ್ಯಾಲ ತಾರೀಖು ಶಿಕ್ಕಾ ಹಾಕಸ್ಕೊಂಡು ನಿಮ್ಮ ಹತ್ರ ಇಟ್ಕೋರಿ. ಇದು ನಾ ಝೆರಾಕ್ಸ್ ಅಂಗಡಿಯವ ಅಂತ ಹೇಳೋದಲ್ಲ. ನಮ್ಮ ಅಕ್ಕನ ಮಗಂದು ಒಂದು ಅರ್ಜಿ ಒಂದು ಆಫೀಸಿನ್ಯಾಗ ಕಳೀತು, ಶಿಕ್ಕಾ ಹಾಕಸ್ಕೊಂಡಿರಲಿಲ್ಲ, ಕೊಟ್ಟ ಇಲ್ಲ ಅಂದ್ರು, ಮತ್ತ ಮೊದಲಿಂದ ಶುರು. ಇದು ನಮ್ಮ ಕೆಲಸ ಅಲ್ಲ ಅಂತ ಯಾರರ ಅಂದ್ರ ಸಿಟ್ಟಾಗಬ್ಯಾಡ್ರಿ, "ಹಂಗಾದ್ರ ಯಾರ ಕೆಲಸ ರೀ, ಹೆಸರು, ರೂಮ್ ನಂಬರ್ ಬರದು ಕೊಡ್ರಿ" ಅಂತ ಕೇಳ್ರಿ. ಎಲ್ಲಾ ಕಡೆ ತಿರುಗಿ ಆಗಲಿಲ್ಲ ಅಂದ್ರ 1902, ಸರಕಾರದ ಜನಸ್ಪಂದನ ನಂಬರು, ದೂರಿಗೆ ಒಂದು ಸಂಖ್ಯೆ ಕೊಡ್ತಾರ, ಆ ಸಂಖ್ಯೆ ಹಿಡದು ಕೇಳ್ತಾ ಹೋಗಬಹುದು. ನವೆಂಬರ್ ಸುತ್ತ ಗ್ರಾಮ ಪಂಚಾಯ್ತ್ಯಾಗ ಮಕ್ಕಳ ಗ್ರಾಮಸಭೆ ಆಗ್ತೈತಿ, ಅಲ್ಲಿ ಹುಡುಗೂರ ಎದ್ದು ನಿಂತು "ನಮ್ಮ ಅಂಗನವಾಡಿ ಸೋರ್ತೈತಿ" ಅಂದದ್ದು ನಡವಳಿ ಪುಸ್ತಕದಾಗ ಬರೀಬೇಕಾಗ್ತೈತಿ.

ಆ ಬೀಳಗಿ ಕಡೆ ಆಯಿಗೆ ನಾನು ಜಿಲ್ಲಾ ಆಫೀಸಿನ ದಾರಿ ತೋರಸಲಿಲ್ಲ, ಮೊದಲ ನಿಮ್ಮೂರ ಅಂಗನವಾಡಿ ಅಕ್ಕೋರ ಹತ್ರ ಹೋಗು ಅಂದೆ. ಸಿಟ್ಟ ಬಂತು ಆಕಿಗೆ, ಇಷ್ಟು ದೂರ ಬಸ್ ಹತ್ತಿ ಬಂದೀನಿ, ಮತ್ತ ಊರಿಗೆ ಹೋಗು ಅಂತಿ ಅಂದ್ಲು. ಮುಂದಿನ ಗುರುವಾರ ಮತ್ತ ಬಂದ್ಲು. ಅಕ್ಕೋರು ಮೇಲ್ವಿಚಾರಕಿಗೆ ಫೋನ್ ಮಾಡಿದ್ರಂತ, ಕಾಗದ ಎಲ್ಲಾ ಜೋಡಿಸಿ ರಕ್ಷಣಾ ಘಟಕಕ್ಕ ಕೊಟ್ಟು ಬಂದಿದ್ಲು, ಮನೀಗೆ ಬಂದು ನೋಡ್ತೀವಿ ಅಂದಾರಂತ. ಮಂಜೂರು ಆಗ್ತೈತೋ ಇಲ್ಲೋ ಈಗ ಹೇಳಾಕ ಬರೂದಿಲ್ಲ. ಕೈಯಾಗ ಶಿಕ್ಕಾ ಬಿದ್ದ ಪ್ರತಿ ಇತ್ತು, ಅದನ್ನ ಟೇಬಲ್ ಮ್ಯಾಲ ಇಟ್ಟು ಲ್ಯಾಮಿನೇಶನ್ ಮಾಡು ಅಂದ್ಲು. ಸ್ವೀಕೃತಿ ಪ್ರತಿಗೆ ಲ್ಯಾಮಿನೇಶನ್ ಬ್ಯಾಡ ಆಯಿ, ಝೆರಾಕ್ಸ್ ಮಾಡ್ಕೋ ಸಾಕು ಅಂದೆ. ಕೇಳಲಿಲ್ಲ. ಮಾಡಿ ಕೊಟ್ಟೆ.